ಆಡಮ್ ನ್ಯೂಮನ್
ಆಡಮ್ ನ್ಯೂಮನ್ (ಜನನ: 1979) ಇಸ್ರೇಲ್ ಮೂಲದ ಉದ್ಯಮಿ ಹಾಗೂ ಹಂಚಿಕೆಯ ಕಚೇರಿಗಳನ್ನು ಒದಗಿಸುವ ವೀವರ್ಕ್ ಸಂಸ್ಥೆಯ ಸಹಸಂಸ್ಥಾಪಕ. ಇಸ್ರೇಲ್ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿ ನ್ಯೂಯಾರ್ಕ್‌ಗೆ ತೆರಳಿದ ಇವರು, ಮಿಗೆಲ್ ಮೆಕೆಲ್ವಿ ಅವರೊಡನೆ 2008ರಲ್ಲಿ ಗ್ರೀನ್ ಡೆಸ್ಕ್ ಸಂಸ್ಥೆಯನ್ನೂ 2010ರಲ್ಲಿ ವೀವರ್ಕ್ ಸಂಸ್ಥೆಯನ್ನೂ ಸ್ಥಾಪಿಸಿದರು.

ಕಟ್ಟಡಗಳನ್ನು ದೀರ್ಘಾವಧಿ ಗುತ್ತಿಗೆಗೆ ಪಡೆದು, ಸಜ್ಜುಗೊಳಿಸಿ, ಮೇಜು ಹಾಗೂ ಕೊಠಡಿಗಳನ್ನು ತಿಂಗಳ ಲೆಕ್ಕದಲ್ಲಿ ಬಾಡಿಗೆಗೆ ಕೊಡುವುದು ವೀವರ್ಕ್‌ನ ವ್ಯವಹಾರ. ಬಾಡಿಗೆದಾರರು ಬೇಗನೆ ಬಿಟ್ಟು ಹೋಗಬಹುದು. ಕಟ್ಟಡದ ಮಾಲೀಕರಿಗೆ ಸಂಸ್ಥೆ ಕೊಡಬೇಕಾದ ಹಣ ಮಾತ್ರ ವರ್ಷಗಟ್ಟಲೆ ನಿಲ್ಲದು. ಇದು ಹೊಸ ಕ್ರಮವೇನಲ್ಲ. ರೀಜಸ್ ಸಂಸ್ಥೆ ಇದನ್ನು 1989ರಿಂದಲೇ ನಡೆಸುತ್ತಿತ್ತು. ಆದರೆ ವೀವರ್ಕ್ ತನ್ನನ್ನು ತಂತ್ರಜ್ಞಾನ ಸಂಸ್ಥೆಯಂತೆ ಬಿಂಬಿಸಿಕೊಂಡಿತು. ಜಪಾನಿನ ಸಾಫ್ಟ್‌ಬ್ಯಾಂಕ್‌ನ ಹೂಡಿಕೆಯಿಂದ 2019ರ ಜನವರಿಯಲ್ಲಿ ಅದರ ಮೌಲ್ಯ 4,700 ಕೋಟಿ ಡಾಲರ್‌ಗೆ ಏರಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಷೇರು ಮಾರಾಟಕ್ಕಾಗಿ ಬಹಿರಂಗಪಡಿಸಿದ ದಾಖಲೆಯಲ್ಲಿ ಮುಂದೆ ತೆರಬೇಕಾದ ಗುತ್ತಿಗೆ ಬಾಕಿಯೂ ಹೆಚ್ಚುಕಡಿಮೆ ಅಷ್ಟೇ ಇದ್ದುದು ಗಮನಾರ್ಹ.

ಹೂಡಿಕೆದಾರರನ್ನು ಬೆಚ್ಚಿಸಿದ್ದು ನಷ್ಟವೊಂದೇ ಅಲ್ಲ. ನ್ಯೂಮನ್‌ರ ಕೆಲವು ಷೇರುಗಳಿಗೆ ತಲಾ 20 ಮತಗಳಿದ್ದವು; ಅವರಿಗೆ ಒಡೆತನದ ಪಾಲಿದ್ದ ಕಟ್ಟಡಗಳನ್ನೇ ಸಂಸ್ಥೆ ಗುತ್ತಿಗೆಗೆ ಪಡೆದಿತ್ತು. 'ವೀ' ಎಂಬ ಹೆಸರಿನ ಹಕ್ಕಿಗೆ ಸಂಸ್ಥೆಯಿಂದ ಸಂದ ಸುಮಾರು 59 ಲಕ್ಷ ಡಾಲರ್ ಮೌಲ್ಯವನ್ನು ಟೀಕೆಯ ಬಳಿಕ ಹಿಂದಿರುಗಿಸಲಾಯಿತು. ಸೆಪ್ಟೆಂಬರ್ 24ರಂದು ಅವರು ಮುಖ್ಯಾಧಿಕಾರಿ ಸ್ಥಾನ ತೊರೆದರು. ನಿರ್ಗಮನ ಒಪ್ಪಂದದಿಂದ ಅವರಿಗೆ ಭಾರೀ ಮೊತ್ತ ಖಾತ್ರಿಯಾಯಿತು. ನವೆಂಬರ್‌ನಲ್ಲಿ ಸುಮಾರು 2,400 ನೌಕರರು ಕೆಲಸ ಕಳೆದುಕೊಂಡರು.

ನ್ಯೂಮನ್‌ರ ವಸತಿ ಉದ್ಯಮ ಫ್ಲೋ 2022ರಲ್ಲಿ ಸುಮಾರು 35 ಕೋಟಿ ಡಾಲರ್ ಹೂಡಿಕೆ ಗಳಿಸಿತು. ವೀವರ್ಕ್ 2023ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ದಿವಾಳಿ ರಕ್ಷಣೆ ಕೋರಿತು. ಅದನ್ನು ಮರಳಿ ಕೊಳ್ಳಲು ನ್ಯೂಮನ್ 2024ರಲ್ಲಿ ನಡೆಸಿದ ಯತ್ನ ಫಲಿಸಲಿಲ್ಲ. ಬೆಂಗಳೂರಿನ ಎಂಬಸಿ ಸಮೂಹದ ಬಹುಪಾಲು ಒಡೆತನದಲ್ಲಿದ್ದ ವೀವರ್ಕ್ ಇಂಡಿಯಾ ಆ ದಿವಾಳಿ ಪ್ರಕ್ರಿಯೆಗೆ ಒಳಪಟ್ಟಿರಲಿಲ್ಲ.