‘ಅಳೆದದ್ದು ಹೇಗೆ?’ ಎಂಬುದಕ್ಕೂ ಪಾಠಯೋಜನೆಯಲ್ಲಿ ಜಾಗ ಬೇಕು

ಬೋರ್ ಮಾದರಿಯ ಬೋಧನಾಭ್ಯಾಸ ಪಾಠಗಳಲ್ಲಿ ಧ್ರುವಪ್ರಭೆಯ ಚಿತ್ರ ಈಗ ಸಾಮಾನ್ಯ. ಮಕ್ಕಳು ಕಣ್ಣರಳಿಸಿ ನೋಡುತ್ತಾರೆ, ವೀಕ್ಷಣಾ ಪುಸ್ತಕದಲ್ಲಿ ‘ಬೋಧನೋಪಕರಣದ ಬಳಕೆ ಉತ್ತಮ’ ಎಂಬ ಷರಾ ಬೀಳುತ್ತದೆ. ಎಲೆಕ್ಟ್ರಾನ್ ಡಿಕ್ಕಿ ಹೊಡೆದು ಆಕ್ಸಿಜನ್ ಪರಮಾಣು ಉದ್ರಿಕ್ತವಾಗುತ್ತದೆ, ಹಸಿರು ಬೆಳಕು ಸೂಸುತ್ತದೆ ಎಂಬ ಒಂದೇ ವಾಕ್ಯದಲ್ಲಿ ವಿಷಯ ಮುಗಿಯುತ್ತದೆ. ನೂರು ಕಿಲೋಮೀಟರ್ ಮೇಲೆ ನಡೆಯುವುದು ಇಲ್ಲಿ ಗೊತ್ತಾದದ್ದು ಹೇಗೆಂದು ಒಬ್ಬ ವಿದ್ಯಾರ್ಥಿ ಕೇಳಿದರೆ? ‘ವಿಜ್ಞಾನಿಗಳು ಕಂಡುಹಿಡಿದಿದ್ದಾರೆ’ ಎನ್ನುವುದು ಉತ್ತರವಲ್ಲ, ಮಗುವನ್ನು ಕೂರಿಸುವ ಉಪಾಯ.

557.7 ನ್ಯಾನೋಮೀಟರಿನ ಆ ಹಸಿರು ಗೆರೆ ಆಕ್ಸಿಜನ್ ಪರಮಾಣುವಿನದೆಂದು 1925ರಲ್ಲಿ ಟೊರಾಂಟೊದ ಮೆಕ್ಲೆನನ್ ಮತ್ತು ಶ್ರಮ್ ತೋರಿಸಿದರು. ಆದರೆ ಮೇಲಿನ ವಾತಾವರಣದಲ್ಲಿ ಉದ್ರಿಕ್ತ ನೈಟ್ರೋಜನ್ ಕೂಡ ಆಕ್ಸಿಜನ್‌ಗೆ ಶಕ್ತಿ ದಾಟಿಸುತ್ತದೆ. ಎಲೆಕ್ಟ್ರಾನಿನ ನೇರ ಡಿಕ್ಕಿಯ ಪಾಲೆಷ್ಟು ಎಂದು ಹೇಳಬೇಕಾದರೆ ಪ್ರಯೋಗಾಲಯದಲ್ಲೇ ಅಳೆಯಬೇಕು.

ಅದು ಸುಲಭವಲ್ಲ. ಸಿಲಿಂಡರಿನಲ್ಲಿರುವುದು ಆಕ್ಸಿಜನ್ ಅಣು. ವಿದ್ಯುತ್ ವಿಸರ್ಜನೆಯಿಂದ ಅದನ್ನು ಒಡೆದು ಪರಮಾಣುಗಳ ಧಾರೆ ಮಾಡಬೇಕು. ಗೋಡೆಗೆ ತಾಗಿದರೆ ಅವು ಮತ್ತೆ ಜೋಡಿಯಾಗುತ್ತವೆ. ಇನ್ನೊಂದು ತೊಡಕೆಂದರೆ, ಉದ್ರಿಕ್ತ ಪರಮಾಣು ಹಸಿರು ಬೆಳಕು ಬಿಡಲು ಸರಾಸರಿ ಮುಕ್ಕಾಲು ಸೆಕೆಂಡು ತೆಗೆದುಕೊಳ್ಳುತ್ತದೆ. ಸೆಕೆಂಡಿಗೆ ನೂರಾರು ಮೀಟರ್ ಓಡುವ ಪರಮಾಣು ಅಷ್ಟರಲ್ಲಿ ಉಪಕರಣದ ಗೋಡೆಗೆ ಬಡಿದಿರುತ್ತದೆ. ಹಾಗಾಗಿ ಬೆಳಕಿಗೆ ಕಾಯದೆ ಎಲೆಕ್ಟ್ರಾನನ್ನೇ ಹಿಡಿದು ಲೆಕ್ಕ ಕೇಳುವುದು ಒಂದು ದಾರಿ. ಅಂಗಡಿಗೆ ಹೋದ ಹುಡುಗ ಏನು ಕೊಂಡನೆಂದು ಅವನು ತಂದ ಚಿಲ್ಲರೆಯಿಂದ ತಿಳಿಯುವಂತೆ, ಗೊತ್ತಾದ ಶಕ್ತಿಯಲ್ಲಿ ಬಿಟ್ಟ ಎಲೆಕ್ಟ್ರಾನ್ 4.19 ಎಲೆಕ್ಟ್ರಾನ್ ವೋಲ್ಟ್ ಕಡಿಮೆಯಾಗಿ ಹೊರಬಂದರೆ ಅದು ಹಸಿರಿನ ಸ್ಥಿತಿಗೆ ತೆತ್ತ ಬೆಲೆ. ಪಾದರಸದ ಆವಿಯಲ್ಲಿ 4.9 ಎಲೆಕ್ಟ್ರಾನ್ ವೋಲ್ಟಿನ ಇಂಥದೇ ಲೆಕ್ಕವನ್ನು ಫ್ರಾಂಕ್ ಮತ್ತು ಹರ್ಟ್ಸ್ 1914ರಲ್ಲೇ ಹಿಡಿದಿದ್ದರು.

ಇದನ್ನು ತರಗತಿಗೆ ತರಲು ಖರ್ಚಿಲ್ಲ. ಒಂದು ಮೀಟರ್ ಅಗಲದ ರಟ್ಟಿನಡಿ ಒಂದು ಡಬ್ಬ ಅಡಗಿಸಿ, ಮಕ್ಕಳಿಂದ ಗುರಿಯಿಲ್ಲದೆ ನೂರು ಗೋಲಿ ಉರುಳಿಸಿ. ಇಪ್ಪತ್ತು ಸಲ ‘ಟಣ್’ ಎಂದರೆ ಡಬ್ಬ ಸುಮಾರು 20 ಸೆಂಟಿಮೀಟರ್ ಅಗಲ (ಗೋಲಿಯ ಅಗಲವೂ ಸೇರಿದೆಯೆಂದು ಚುರುಕಿನ ಹುಡುಗಿಯೊಬ್ಬಳು ಹೇಳಿಯೇ ಹೇಳುತ್ತಾಳೆ). ಕಾಣದ ವಸ್ತುವನ್ನು ಅಳೆದಾಯಿತು. ಭೌತವಿಜ್ಞಾನಿಗಳು ಕ್ರಾಸ್ ಸೆಕ್ಷನ್ ಎನ್ನುವುದು ಇಂಥ ಅಳತೆಯನ್ನೇ, ಅಗಲದ ಬದಲು ವಿಸ್ತೀರ್ಣವಾಗಿ. ಡಬ್ಬಕ್ಕೂ ಪರಮಾಣುವಿಗೂ ಇರುವ ವ್ಯತ್ಯಾಸವನ್ನು ಮಾತ್ರ ಬಿಡಬಾರದು: ಎಲೆಕ್ಟ್ರಾನಿನ ಶಕ್ತಿ ಬದಲಾದಂತೆ ಈ ಗುರಿಯ ವಿಸ್ತೀರ್ಣವೂ ಬದಲಾಗುತ್ತದೆ. 4.19ಕ್ಕಿಂತ ಕಡಿಮೆಯಾದರೆ ಹಸಿರಿನ ಸ್ಥಿತಿಯ ಪಾಲಿಗೆ ಅದು ಸೊನ್ನೆ.

ನಲವತ್ತು ನಿಮಿಷದಲ್ಲಿ ಇದೆಲ್ಲ ಆಗದೆಂಬ ಆಕ್ಷೇಪ ನ್ಯಾಯವೇ. ಚಿತ್ರಗಳನ್ನು ಒಂದಕ್ಕೆ ಇಳಿಸಿದರೆ ಗೋಲಿಗೆ ಹತ್ತು ನಿಮಿಷ ಸಿಗುತ್ತದೆ. ನನ್ನ ತಕರಾರು ಸಮಯದ್ದಲ್ಲ, ಮೌಲ್ಯಮಾಪನ ನಮೂನೆಯದು: ಪೀಠಿಕೆ, ಪುನರ್ಬಲನ, ಕಪ್ಪುಹಲಗೆ ಕೆಲಸ ಎಲ್ಲಕ್ಕೂ ಅಂಕವಿದೆ, ಪುರಾವೆ ತೋರಿಸಿದ್ದಕ್ಕೆ ಇಲ್ಲ. ಅಂಕವಿಲ್ಲದ್ದನ್ನು ಯಾವ ಪ್ರಶಿಕ್ಷಣಾರ್ಥಿಯೂ ಅಭ್ಯಾಸ ಮಾಡುವುದಿಲ್ಲ. ಮುಂದಿನ ಬೋಧನಾಭ್ಯಾಸಕ್ಕೆ ಮುನ್ನ ನಮ್ಮ ಉಪನ್ಯಾಸಕರು ಆ ನಮೂನೆಗೆ ಒಂದು ಸಾಲು ಸೇರಿಸಲಿ, ಐದು ಅಂಕವಾದರೂ ಸಾಕು.