49ಕ್ಕೆ ಕೈಬಿಟ್ಟ ಹೆಸರುಗಳು

ಉಪಕೇಂದ್ರದಲ್ಲಿ ನಮ್ಮ ಹತ್ತಿರ ಒಂದು ದಪ್ಪ ಪುಸ್ತಕ ಇರುತ್ತಿತ್ತು, ಅರ್ಹ ದಂಪತಿ ರಿಜಿಸ್ಟರ್. ಮದುವೆಯಾದ, 15ರಿಂದ 49 ವರ್ಷದೊಳಗಿನ ಹೆಂಗಸರ ಹೆಸರೆಲ್ಲ ಅದರಲ್ಲಿ. ಮಕ್ಕಳೆಷ್ಟು, ಕೊನೆಯ ಕೂಸಿಗೆ ಎಷ್ಟು ವಯಸ್ಸು, ಆಪರೇಷನ್ ಆಗಿದೆಯೋ, ವಂಕಿ ಹಾಕಿಸಿದ್ದಾರೋ, ಎಲ್ಲಕ್ಕೂ ಒಂದೊಂದು ಕಾಲಂ. ಏಪ್ರಿಲ್ ಬಂದರೆ ಹೊಸ ಪುಸ್ತಕ ಬರೆಯಬೇಕು. ಆಗ 49 ದಾಟಿದವರನ್ನು ಬಿಟ್ಟು ಬರೆಯುತ್ತಿದ್ದೆವು. ಗುಬ್ಬಿ ತಾಲ್ಲೂಕಿನಲ್ಲಿ 14 ವರ್ಷ, ಕುಣಿಗಲ್ ತಾಲ್ಲೂಕಿನಲ್ಲಿ 13 ವರ್ಷ ಎಎನ್‌ಎಂ ಆಗಿದ್ದ ನಾನು ಹಾಗೆ ಎಷ್ಟು ಹೆಸರು ಬಿಟ್ಟೆನೋ ಲೆಕ್ಕವಿಟ್ಟಿಲ್ಲ. ಅವರಲ್ಲಿ ಹಲವರ ಹೆರಿಗೆಗೆ ನಾನೇ ಜೊತೆಗಿದ್ದೆ. ಬಸುರಿಯಾಗಿದ್ದಾಗ ತಾಯಿ ಕಾರ್ಡ್ ಕೊಟ್ಟು, ತಿಂಗಳು ತಿಂಗಳು ಬಾಗಿಲು ತಟ್ಟಿದವಳು ಅವರಿಗೆ ಐವತ್ತಾಗುವ ಹೊತ್ತಿಗೆ ಅದೇ ಬಾಗಿಲ ಮುಂದೆ ನಿಲ್ಲದೆ ನಡೆದುಹೋಗುತ್ತಿದ್ದೆ.

ನಮ್ಮ ದೇಶದ ಹೆಂಗಸರಿಗೆ ಸರಾಸರಿ 46–47ಕ್ಕೇ ಮುಟ್ಟು ನಿಲ್ಲುತ್ತದೆ. ಅದಕ್ಕೆ ನಾಲ್ಕೈದು ವರ್ಷ ಮೊದಲೇ ಏರುಪೇರು ಶುರು. ಅಂದರೆ ಹೆಸರು ಪುಸ್ತಕದಲ್ಲಿದ್ದಾಗಲೂ ಆ ಕಷ್ಟಕ್ಕೆ ಕಾಲಂ ಇರಲಿಲ್ಲ.

ನಿಟ್ಟೂರು ಕಡೆ ಒಂದು ಅಡಿಕೆ ಚಪ್ಪರದ ಕೆಳಗೆ ಕಂಡದ್ದು ಮರೆತಿಲ್ಲ. ಕಾರ್ತಿಕದ ಚಳಿ, ರಾತ್ರಿ ಎಂಟು ಗಂಟೆ. ಅಡಿಕೆ ಸುಲಿಯುತ್ತಿದ್ದ ಹತ್ತು ಹನ್ನೆರಡು ಹೆಂಗಸರಲ್ಲಿ ಒಬ್ಬಾಕೆ ಮಾತ್ರ ಸೆರಗಿನಿಂದ ಬೀಸಿಕೊಳ್ಳುತ್ತಿದ್ದರು. "ಕೆಂಡದ ಮ್ಯಾಲೆ ನಿಲ್ಸಿದಂಗಾಗ್ತೈತೆ ನರ್ಸಮ್ಮ. ಗಳಿಗೆ ಹೊತ್ತಿಗೆ ಮೈಯೆಲ್ಲ ಒದ್ದೆ, ಆಮ್ಯಾಕೆ ನಡುಕ. ರಾತ್ರಿ ನಿದ್ದೆ ಅಂಬದೇ ಇಲ್ಲ" ಅಂದರು. ಉಷ್ಣ ಇರಬೇಕು ಅಕ್ಕಾ, ಎಳನೀರು ಕುಡಿ ಅಂದೆ. ಬಿ ಕಾಂಪ್ಲೆಕ್ಸ್ ಮಾತ್ರೆ ಕೊಟ್ಟೆ. ನನಗೆ ಕಲಿಸಿದ್ದೂ ಅಷ್ಟೇ. ಅಂಡಾಶಯದಲ್ಲಿ ಈಸ್ಟ್ರೋಜೆನ್ ಹಾರ್ಮೋನು ತಗ್ಗಿದಾಗ ಮೈಯ ಬಿಸಿಯನ್ನು ಹತೋಟಿಯಲ್ಲಿಡುವ ಮೆದುಳಿನ ಭಾಗ ಸಣ್ಣ ಏರುಪೇರಿಗೂ ಬೆಚ್ಚಿ, ಮೈ ತಣಿಸಲು ಬೆವರು ಹರಿಸುತ್ತದೆ ಎಂದು ಅವತ್ತು ಹೇಳಲು ಬಂದಿದ್ದರೆ, ಆಕೆ ಗಾಳಿಯೋ ಪೀಡೆಯೋ ಎಂದು ಹೆದರಿ ತಾಯತ ಕಟ್ಟಿಸಿಕೊಳ್ಳುತ್ತಿರಲಿಲ್ಲ.

ನನ್ನದೇ ಸರದಿ 47ಕ್ಕೆ ಬಂತು. ಎದೆ ಢವಢವ ಎಂದಿತು, ಇಸಿಜಿ ಮಾಡಿಸಿದೆ, ಏನೂ ಇಲ್ಲ ಅಂದರು. ನಿದ್ದೆ ಇಲ್ಲ ಅಂದದ್ದಕ್ಕೆ ಇನ್ನೊಬ್ಬ ಡಾಕ್ಟರು ನಿದ್ದೆ ಮಾತ್ರೆ ಬರೆದರು. ಮಂಡಿನೋವಿಗೆ ಮೂಳೆ ಡಾಕ್ಟರು ಕ್ಯಾಲ್ಸಿಯಂ ಕೊಟ್ಟರು. ಥೈರಾಯ್ಡ್ ಮಾತ್ರೆ ಮೊದಲಿಂದ ಇತ್ತು. ನೆಂಟರೊಬ್ಬರು ನಾಟಿ ವೈದ್ಯರಿಂದ ಒಂದು ಚೂರ್ಣ ತಂದುಕೊಟ್ಟರು, ತಂಪು ಅಂತ. ಒಂದು ವರ್ಷದಲ್ಲಿ ಐದು ಬಾಗಿಲು ಸುತ್ತಿದೆ. ಒಬ್ಬೊಬ್ಬರೂ ತಮಗೆ ಬೇಕಾದ ಒಂದು ತುಂಡನ್ನು ನೋಡಿ ಕಳಿಸಿದರು. ಮುಟ್ಟು ಯಾವಾಗ ಬಂದಿತ್ತು ಎಂದು ಒಬ್ಬರೂ ಕೇಳಲಿಲ್ಲ.

ಆರನೆಯವರು ತುಮಕೂರಿನ ಒಬ್ಬ ಹಿರಿಯ ಲೇಡಿ ಡಾಕ್ಟರು. "ಬ್ಯಾಗ್‌ನಲ್ಲಿರೋದೆಲ್ಲ ಮೇಜಿನ ಮೇಲೆ ಸುರೀರಮ್ಮ" ಅಂದರು. ಸುರಿದೆ. ಥೈರಾಯ್ಡ್ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ನಾನು ಬೆಳಿಗ್ಗೆ ಒಟ್ಟಿಗೆ ನುಂಗುತ್ತಿದ್ದೆ. ಕ್ಯಾಲ್ಸಿಯಂ ಜೊತೆಗಿದ್ದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ಎರಡರ ನಡುವೆ 4 ತಾಸು ಬಿಡಬೇಕು. ಚೂರ್ಣದಲ್ಲಿ ಅತಿಮಧುರ ಇತ್ತು. ಅದನ್ನು ದಿನಾ ತಿಂದರೆ ರಕ್ತದೊತ್ತಡ ಏರಬಹುದು, ನನಗೆ ಏರಿತ್ತು. ಮುಕ್ಕಾಲು ಗಂಟೆ ಮಾತಾಡಿದರು. ಗಂಡನ ವಿಷಯ, ಮಗಳ ಮದುವೆಯ ಸಾಲ, ಮೂತ್ರದ ಉರಿ, ಹಾಸಿಗೆಯಲ್ಲಿನ ನೋವು, ಎಲ್ಲ ಕೇಳಿದರು. ಅಷ್ಟು ಮಾತಾಡಿದ ಮೇಲೆಯೇ ಒಂದು ಚೀಟಿ ಬರೆದದ್ದು. ಎರಡು ಔಷಧ ಕಡಿಮೆಯಾದವು, ಒಂದು ಸೇರಿತು.

ಸಮಗ್ರ ಚಿಕಿತ್ಸೆ ಎಂಬ ಮಾತು ಈಗ ಎಲ್ಲ ಕಡೆ ಕೇಳಿಸುತ್ತದೆ. ಇಂಗ್ಲಿಷ್ ಮಾತ್ರೆ, ಆಯುರ್ವೇದದ ಲೇಹ, ಯೋಗ ಎಲ್ಲವನ್ನೂ ಒಂದೇ ತಟ್ಟೆಗೆ ಬಡಿಸುವುದು ಅಂತ ಜನ ತಿಳಿಯುತ್ತಾರೆ. ಹಾಗೆ ಮಾಡಿದ್ದರಿಂದಲೇ ನನ್ನ ಬ್ಯಾಗು ತುಂಬಿದ್ದು. ಒಬ್ಬ ಹೆಂಗಸನ್ನು ಒಬ್ಬರು ಪೂರ್ತಿಯಾಗಿ ನೋಡುವುದು ಸಮಗ್ರ. ಆಯುರ್ವೇದದ ಬಗ್ಗೆ ನನಗೆ ಗೌರವವಿದೆ. ಮುಟ್ಟು 12ಕ್ಕೆ ಶುರುವಾಗಿ 50ರ ಹೊತ್ತಿಗೆ ನಿಲ್ಲುತ್ತದೆ ಎಂದು ಸುಶ್ರುತ ಸಂಹಿತೆಯೇ ಹೇಳಿದೆ, ಅದನ್ನು ರೋಗವೆಂದು ಕರೆದಿಲ್ಲ. ಆದರೆ ಹೆಸರಿಲ್ಲದ ಪೊಟ್ಟಣದಲ್ಲಿ ಬರುವ ಪುಡಿ ಆಯುರ್ವೇದವಲ್ಲ. ಆಯುಷ್ ವೈದ್ಯರು ಎಷ್ಟೋ ಸರ್ಕಾರಿ ಆಸ್ಪತ್ರೆಗಳಲ್ಲಿ ಅಲೋಪತಿ ಡಾಕ್ಟರ ಪಕ್ಕದ ಕೋಣೆಯಲ್ಲೇ ಕೂರುತ್ತಾರೆ. ಇಬ್ಬರೂ ಒಂದೇ ಚೀಟಿಯಲ್ಲಿ ಬರೆಯಲಿ ಎನ್ನುವುದು ನನ್ನ ಮೊದಲ ಬೇಡಿಕೆ.

ಹೀಗೆ ಕೇಳುವವರಿಲ್ಲದ ಕಡೆ ಗರ್ಭಕೋಶ ತೆಗೆಸುವುದೇ ದಾರಿಯಾಗಿಬಿಡುತ್ತದೆ. ಮುಟ್ಟು ನಿಲ್ಲುವ ಮುಂಚೆ ಕೆಲವರಿಗೆ ಹದಿನೈದು, ಇಪ್ಪತ್ತು ದಿನ ರಕ್ತ ಹೋಗುತ್ತದೆ. ಕೂಲಿ ತಪ್ಪುತ್ತದೆ. ನಮ್ಮ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು ಹಟ್ಟಿಯಿಂದ ಆಚೆ ಇರಿಸುವ ಪದ್ಧತಿ ಪೂರ್ತಿ ಹೋಗಿಲ್ಲ. ಅಲ್ಲಿಯ ಒಬ್ಬ ತಾಯಿ, "ಅರ್ಧ ತಿಂಗಳು ಆಚೆ ಮಲಗಿ ಸಾಕಾಯ್ತು, ತೆಗ್ಸಾಕ್ ಬಿಡಿ ನರ್ಸಮ್ಮ" ಎಂದು ನನ್ನ ಕೈ ಹಿಡಿದಿದ್ದರು. ಆಕೆಗೆ 41. ರಕ್ತ ಪರೀಕ್ಷೆ, ಥೈರಾಯ್ಡ್, ಸ್ಕ್ಯಾನ್ ಯಾವುದೂ ಆಗಿರಲಿಲ್ಲ. ರಕ್ತಸ್ರಾವ ತಗ್ಗಿಸುವ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ವಂಕಿ ಇದೆ. ಇವನ್ನು ಯಾರೂ ಆಕೆಗೆ ಹೇಳಿರಲಿಲ್ಲ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಆ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಕಷ್ಟವೆಲ್ಲ ಒಂದೇ ದಿನಕ್ಕೆ ಮೈಮೇಲೆ ಬೀಳುತ್ತದೆ. ಮೂಳೆ ಬೇಗ ಸವೆಯುತ್ತದೆ, ಹೃದಯಕ್ಕೂ ಹೊರೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. 3 ತಿಂಗಳೊಳಗೆ ಅದನ್ನು ಜಾರಿಗೆ ತನ್ನಿ ಎಂದು ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೆ ಹೇಳಿತು. ಆ ತೀರ್ಪು ಹಟ್ಟಿಯ ಬಾಗಿಲಿಗೆ ಬರಬೇಕಾದರೆ ಎಎನ್‌ಎಂ, ಆಶಾ ಕಾರ್ಯಕರ್ತೆಯರ ಬಾಯಿಂದಲೇ ಬರಬೇಕು.

ಹಾರ್ಮೋನ್ ಚಿಕಿತ್ಸೆ ಅಂದರೆ ಕ್ಯಾನ್ಸರ್ ಎಂಬ ಭಯ ನಮ್ಮ ನರ್ಸುಗಳಲ್ಲೂ ಇದೆ. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರ ಒಂದು ಭಾಗವನ್ನು ನಡುವೆಯೇ ನಿಲ್ಲಿಸಿದಾಗ ಹುಟ್ಟಿದ ಭಯ ಅದು. ಅದರಲ್ಲಿದ್ದ ಹೆಚ್ಚಿನವರು ಮುಟ್ಟು ನಿಂತು ಎಷ್ಟೋ ವರ್ಷ ಕಳೆದವರು. 60ರೊಳಗಿನ, ಮುಟ್ಟು ನಿಂತು 10 ವರ್ಷ ದಾಟದ, ಸ್ತನ ಕ್ಯಾನ್ಸರ್ ಅಥವಾ ರಕ್ತ ಹೆಪ್ಪುಗಟ್ಟಿದ ಚರಿತ್ರೆ ಇಲ್ಲದ ಬಹುಪಾಲು ಹೆಂಗಸರಲ್ಲಿ ತೀವ್ರ ಉರಿ, ಬೆವರಿಗೆ ಅದರಿಂದ ಅಪಾಯಕ್ಕಿಂತ ಲಾಭವೇ ಹೆಚ್ಚು ಎಂದು ಆಮೇಲೆ ಸ್ಪಷ್ಟವಾಯಿತು. ಎಲ್ಲರಿಗೂ ಬೇಕಿಲ್ಲ. ಬೇಕಾದವಳಿಗೆ ಸಿಗಬೇಕು, ಅಂಗಡಿಯಿಂದ ಅಲ್ಲ, ತಿಳಿದ ಡಾಕ್ಟರ ಕೈಯಿಂದ.

ಊಟದ ಮಾತಿಗೆ ನಾವು ಬೇರೆ ದೇಶದ ಕಡೆ ನೋಡಬೇಕಾಗಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುಟ್ಟು ನಿಂತವರಿಗೆ ದಿನಕ್ಕೆ 1,200 ಮಿಲಿಗ್ರಾಂ ಬೇಕು. ಮುದ್ದೆ, ಹುರುಳಿ ಬಸ್ಸಾರು, ಹುಚ್ಚೆಳ್ಳು ಚಟ್ನಿ, ಒಂದು ಲೋಟ ಮಜ್ಜಿಗೆ ಇದ್ದ ತಟ್ಟೆ ಅದರ ದೊಡ್ಡ ಪಾಲನ್ನು ಕೊಡುತ್ತಿತ್ತು. ಆದರೆ ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದು ಮನೆಯಾಕೆಗೆ ಎನ್ನುವ ಪದ್ಧತಿ ಇರುವವರೆಗೆ ಯಾವ ಸಲಹೆಯೂ ಅವಳ ಮೂಳೆ ಮುಟ್ಟುವುದಿಲ್ಲ. ಇದನ್ನು ಗಂಡಸರು ಓದಬೇಕು ಎಂದೇ ಬರೆಯುತ್ತಿದ್ದೇನೆ.

ನನ್ನ ಇನ್ನೊಂದು ಬೇಡಿಕೆಗೆ ಹೊಸ ಕಟ್ಟಡ ಬೇಡ. 30 ದಾಟಿದವರ ಬಿಪಿ, ಶುಗರ್ ನೋಡುವ ಕೆಲಸವನ್ನು ಆರೋಗ್ಯ ಇಲಾಖೆ ಈಗಾಗಲೇ ಮಾಡುತ್ತಿದೆ. ಅದೇ ಹಾಳೆಯಲ್ಲಿ 40 ದಾಟಿದ ಹೆಂಗಸಿಗೆ ಐದು ಸಾಲು ಸೇರಿಸಿ: ಮುಟ್ಟು ಹೇಗಿದೆ, ನಿದ್ದೆ ಹೇಗಿದೆ, ಮೂತ್ರ ತಡೆಯಲಾಗುತ್ತದೆಯೇ, ಮನಸ್ಸು ಕುಗ್ಗಿದೆಯೇ, ಏನೇನು ಔಷಧ ತಿನ್ನುತ್ತೀಯ. ಮುಟ್ಟು ನಿಂತು 12 ತಿಂಗಳಾದ ಮೇಲೆ ಒಂದು ಹನಿ ರಕ್ತ ಕಂಡರೂ ತಕ್ಷಣ ಪರೀಕ್ಷೆ ಆಗಬೇಕು, ಅದು ಗರ್ಭಕೋಶದ ಕ್ಯಾನ್ಸರಿನ ಸೂಚನೆ ಇರಬಹುದು. "ಮತ್ತೆ ಮುಟ್ಟು ಬಂತು" ಎಂದು ಸುಮ್ಮನಿದ್ದು ತಡವಾಗಿ ಬಂದವರನ್ನು ನಾನು ಕಂಡಿದ್ದೇನೆ.

ಹುಲಿಯೂರುದುರ್ಗದ ಕಡೆ ಈಗ ಕೆಲಸ ಮಾಡುವ ನನ್ನ ಕಿರಿಯ ಸಹೋದ್ಯೋಗಿಯೊಬ್ಬಳು ಈ ವರ್ಷ ತಾನಾಗಿಯೇ ಒಂದು ಕೆಲಸ ಮಾಡಿದಳು. ರಿಜಿಸ್ಟರಿನಿಂದ ಕೈಬಿಡಬೇಕಾದ ಹೆಸರುಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿಕೊಂಡು ಅವರ ಮನೆಗಳಿಗೂ ಹೋಗುತ್ತಿದ್ದಾಳೆ. ಈವರೆಗೆ 23 ಹೆಸರು. ಅವರಲ್ಲಿ ಒಬ್ಬರಿಗೆ ಮುಟ್ಟು ನಿಂತು ಮೂರು ವರ್ಷದ ಮೇಲೆ ಕಳೆದ ವಾರ ರಕ್ತ ಕಂಡಿದೆ. ಆಕೆಗೆ ತುಮಕೂರು ಗೊತ್ತಿಲ್ಲ. ಮಂಗಳವಾರ ಸ್ಕ್ಯಾನ್. ಕುಣಿಗಲ್ ಬಸ್ಸು ಬರುವ ಹೊತ್ತಿಗೆ ನಾನು ಸ್ಟ್ಯಾಂಡಿನಲ್ಲಿ ಇರುತ್ತೇನೆ.