ಎಳೆಯರ ಪಾನೀಯ

ಅಣಶಿಯ ಕಡೆಯ ಅಜ್ಜಿಯೊಬ್ಬರು ತಮ್ಮ ಹಿರಿಯ ಮೊಮ್ಮಗನಿಂದ ಬರೆಯಿಸಿ ಕಳುಹಿಸಿದ ಕಾಗದವು ಈ ತಿಂಗಳು ಕೈಸೇರಿದೆ. ವಿಷಯವು ಕಿರಿಯ ಮೊಮ್ಮಗಳದು. ಕೂಸಿಗೆ ಮೂರು ವರ್ಷ ತುಂಬಿದೆ. ಜೋಯಿಡಾಕ್ಕೋ ದಾಂಡೇಲಿಗೋ ಹೋದವರೆಲ್ಲರೂ ಬರುವಾಗ ಅವಳಿಗೋಸ್ಕರ ಹಣ್ಣಿನ ರಸದ ಪೊಟ್ಟಣಗಳನ್ನು ತರುವರು. ಹಗಲು ಎರಡು, ಮಲಗುವಾಗ ಬಾಟಲಿಗೆ ಹೊಯ್ದು ಮತ್ತೊಂದು, ಅದಿಲ್ಲದೆ ನಿದ್ದೆಯಿಲ್ಲ. ಅನ್ನದ ತಟ್ಟೆಯನ್ನು ಕಂಡರೆ ಮುಖ ತಿರುಗಿಸುವಳು. ಮೇಲಿನ ಸಾಲಿನ ಮುಂದಿನ ಹಲ್ಲುಗಳು ಕಪ್ಪೇರಿ ಮೊಟಕಾಗಿವೆ. “ಮಾಸ್ತರರೇ, ಪೊಟ್ಟಣದ ಮೇಲೆ ಮಾವಿನ ಹಣ್ಣಿನ ಚಿತ್ರವಿದೆ, ಹಣ್ಣು ಕೂಸಿಗೆ ಒಳ್ಳೆಯದಲ್ಲವೇ? ಇದನ್ನು ಬಿಡಿಸಿದರೆ ಮತ್ತೇನು ಕೊಡಲಿ?” ಎಂದು ಆ ತಾಯಿ ಕೇಳಿದ್ದಾರೆ.

ಮೊದಲನೆಯ ಪ್ರಶ್ನೆಗೆ ಉತ್ತರವು ಪೊಟ್ಟಣದ ಹಿಂಬದಿಯಲ್ಲಿಯೇ ಇರುತ್ತದೆ. ಆದರೆ ಚಿತ್ರವು ದೊಡ್ಡದು, ಅಕ್ಷರವು ಸಾಸಿವೆಯಷ್ಟು. ಹಣ್ಣಿನ ಪಾನೀಯವೆಂದು ಮಾರತಕ್ಕ ಪದಾರ್ಥದಲ್ಲಿ ಹಣ್ಣಿನ ಅಂಶವು ನೂರಕ್ಕೆ ಹತ್ತು ಪಾಲು ಇದ್ದರೆ ನಮ್ಮ ನಿಯಮಕ್ಕೆ ಸಾಕಾಗುತ್ತದೆ. ಉಳಿದದ್ದು ಬಹುತರವಾಗಿ ನೀರು ಮತ್ತು ಸಕ್ಕರೆ. ಇಂಥ ಪಾನೀಯಗಳಲ್ಲಿ ೧೦೦ ಮಿಲಿಲೀಟರಿಗೆ ೧೦ರಿಂದ ೧೪ ಗ್ರಾಂ ಸಕ್ಕರೆಯಿರುವದು ಸಾಮಾನ್ಯ. ದಿನಕ್ಕೆ ಮೂರು ಸಣ್ಣ ಪೊಟ್ಟಣಗಳು, ಅಂದರೆ ೪೫೦ ಮಿಲಿಲೀಟರು ಎಂದು ಹಿಡಿಯೋಣ. ಆಗ ೪೫ರಿಂದ ೬೩ ಗ್ರಾಂ ಸಕ್ಕರೆಯು, ಎಂದರೆ ಚಹದ ಚಮಚೆಯಿಂದ ಹತ್ತು ಹನ್ನೆರಡು ಚಮಚೆಗಳಷ್ಟಾದರೂ, ಆ ಎಳೆಯ ಹೊಟ್ಟೆಯನ್ನು ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಹಾಕಿಕೊಟ್ಟ ಮಿತಿಯ ಪ್ರಕಾರ ದಿನದ ಆಹಾರಶಕ್ತಿಯ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಸಕ್ಕರೆಯಿಂದ ಬರಕೂಡದು. ಇಪ್ಪತ್ತನೆಯ ಒಂದು ಪಾಲಿಗೆ ಇಳಿದರೆ ಇನ್ನೂ ಲೇಸು. ಮೂರು ವರ್ಷದೊಳಗಿನ ಕೂಸಿಗೆ ದಿನಕ್ಕೆ ಸುಮಾರು ೧೦೦೦ ಕ್ಯಾಲೊರಿ ಬೇಕು. ಆ ಲೆಕ್ಕದಿಂದ ೨೫ ಗ್ರಾಂ ಸಕ್ಕರೆಯೇ ಗಡಿ. ೧೨ ಗ್ರಾಂ ಹಿತ.

ಅಜ್ಜಿಯವರು ಬೇರೆಬೇರೆಯಾಗಿ ಬರೆದ ಎರಡು ದೂರುಗಳೂ ಈ ಲೆಕ್ಕದಲ್ಲಿಯೇ ಕೂಡುತ್ತವೆ. ಕೂಸಿಗೆ ಬೇಕಾದ ಶಕ್ತಿಯಲ್ಲಿ ಐದನೆಯ ಇಲ್ಲವೆ ನಾಲ್ಕನೆಯ ಒಂದು ಪಾಲನ್ನು ಸಕ್ಕರೆಯ ನೀರೇ ತುಂಬಿಬಿಟ್ಟ ಮೇಲೆ ಹಸಿವೆ ಎಲ್ಲಿಂದ ಬರಬೇಕು? ಅನ್ನ, ಬೇಳೆ, ಸೊಪ್ಪು, ಮೀನುಗಳಿಂದ ದೊರೆಯತಕ್ಕ ಕಬ್ಬಿಣವೂ ಮಾಂಸಪೋಷಕ ಸತ್ವವೂ ಹೊರಗೆ ಉಳಿಯುತ್ತವೆ. ಇನ್ನು ಹಲ್ಲುಗಳ ಮಾತು. ಬಾಯಿಯಲ್ಲಿಯ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಹಗಲಿನಲ್ಲಿ ಜೊಲ್ಲು ಆ ಆಮ್ಲವನ್ನು ತೊಳೆದುಹಾಕುವದು. ನಿದ್ದೆಯಲ್ಲಿ ಜೊಲ್ಲಿನ ಊಟೆ ಬತ್ತುವದು. ಆಗ ಬಾಟಲಿಯ ರಸವು ಮೇಲ್ಹಲ್ಲುಗಳ ಹಿಂದೆ ರಾತ್ರಿಯೆಲ್ಲ ನಿಂತು ಅವುಗಳನ್ನು ಕೊರೆಯುತ್ತದೆ. ಹಾಲುಹಲ್ಲು ಹೇಗೂ ಬೀಳುವದೆಂದು ಉಪೇಕ್ಷಿಸುವವರು ಬಹಳ. ಹುಳುಕಿನಿಂದ ಆದ ಕೀವು ಕೆಳಗೆ ಬೆಳೆಯುತ್ತಿರುವ ಸ್ಥಿರದಂತಕ್ಕೂ ತಗಲಬಹುದು; ಕೂಸು ನೋವಿನಿಂದ ಅಗಿಯಲಾರದೆ ಮತ್ತಷ್ಟು ರಸವನ್ನೇ ಬೇಡುವದು. ಆದ್ದರಿಂದ ಈ ಕೂಸನ್ನು ದಂತವೈದ್ಯರಿಗೆ ತಡಮಾಡದೆ ತೋರಿಸಬೇಕೆಂದು ಪ್ರತ್ಯೇಕವಾಗಿಯೂ ಬರೆದಿದ್ದೇನೆ.

ಹೆಸರಿನ ಮೋಸವು ಇನ್ನೊಂದು ಬಗೆಯದು. ಮೊಳಕೆ ಬರಿಸಿದ ಧಾನ್ಯವನ್ನೂ ಹಾಲನ್ನೂ ಸೇರಿಸಿದ ಪುಡಿಗಳ ಕಥೆ ಹಳೆಯದು. ಹಾರ್ಲಿಕ್ ಎಂಬ ಅಣ್ಣತಮ್ಮಂದಿರು ಇಂಗ್ಲಂಡಿನಿಂದ ಅಮೇರಿಕೆಗೆ ಹೋಗಿ ೧೮೭೩ರಲ್ಲಿ ಶಿಕಾಗೋ ನಗರದಲ್ಲಿ ಶಿಶುಗಳಿಗೂ ರೋಗಿಗಳಿಗೂ ಆಗುವಂತೆ ಇಂಥ ಆಹಾರವನ್ನು ಮಾಡಲಾರಂಭಿಸಿದರು. ಆ ಮೇಲೆ ಬಂದ ಹಲವು ತಯಾರಕರ ಕೈಯಲ್ಲಿ ಸಕ್ಕರೆಯು ಸೇರುತ್ತ, ಧಾನ್ಯವು ನೆಪಮಾತ್ರವಾಗುತ್ತ, ‘ಆರೋಗ್ಯಪೇಯ’ವೆಂಬ ಬಿರುದು ಮಾತ್ರ ಉಳಿಯಿತು. ೨೦೨೪ರ ಏಪ್ರಿಲ್ ತಿಂಗಳಿನಲ್ಲಿ ನಮ್ಮ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರವು, ‘ಆರೋಗ್ಯಪೇಯ’ ಎಂಬ ಶಬ್ದಕ್ಕೆ ೨೦೦೬ರ ಆಹಾರ ಕಾಯಿದೆಯಲ್ಲಿ ಲಕ್ಷಣವೇ ಇಲ್ಲವೆಂದು ತಿಳಿಸಿ, ಹಾಲು, ಧಾನ್ಯ, ಮಾಲ್ಟುಗಳಿಂದಾದ ಪಾನೀಯಗಳನ್ನು ಆ ಹೆಸರಿನ ಕೆಳಗೆ ಮಾರಕೂಡದೆಂದು ಅಂತರ್ಜಾಲದ ವ್ಯಾಪಾರಿಗಳಿಗೆ ಆಜ್ಞಾಪಿಸಿತು. ಅದೇ ವರ್ಷ ಜೂನ್ ತಿಂಗಳಿನಲ್ಲಿ, ಹಣ್ಣಿನ ಸಾರಕ್ಕೆ ನೀರು ಸೇರಿಸಿ ಮಾಡಿದ ರಸಕ್ಕೆ ‘ನೂರಕ್ಕೆ ನೂರು ಹಣ್ಣಿನ ರಸ’ ಎಂದು ಬರೆಯುವದನ್ನು ನಿಲ್ಲಿಸಬೇಕೆಂದು ಅಪ್ಪಣೆಯಾಯಿತು. ಲಕ್ಷಣವಿಲ್ಲದ ಶಬ್ದವನ್ನು ಪ್ರಯೋಗಿಸಿದ ಹುಡುಗನನ್ನು ನಾವು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆವು. ಇಲ್ಲಿ ಅನೇಕ ವರ್ಷ ಅದಕ್ಕೆ ಬಹುಮಾನವೇ ದೊರೆಯಿತು.

ಬಣ್ಣಗಳ ವಿಷಯದಲ್ಲಿ ಎರಡು ಮಾತು. ಇಂಗ್ಲಂಡಿನ ಸೌತಾಂಪ್ಟನ್ನಿನಲ್ಲಿ ಮೂರು ವರ್ಷದವರಿಗೂ ಎಂಟು ಒಂಬತ್ತು ವರ್ಷದವರಿಗೂ ಕೃತಕ ಬಣ್ಣಗಳೂ ಸೋಡಿಯಂ ಬೆಂಜೊಯೇಟ್ ಎಂಬ ಸಂರಕ್ಷಕವೂ ಕೂಡಿದ ರಸವನ್ನು ಕೊಟ್ಟು ಪರೀಕ್ಷಿಸಿದರು; ಕೆಲವು ಮಕ್ಕಳಲ್ಲಿ ಚಾಂಚಲ್ಯವು ಹೆಚ್ಚಿತೆಂದು ೨೦೦೭ರಲ್ಲಿ ಪ್ರಕಟವಾಯಿತು. ಎಲ್ಲ ಮಕ್ಕಳಿಗೂ ಒಂದೇ ಪರಿಣಾಮವಾಗಲಿಲ್ಲ. ಆದಾಗ್ಯೂ ೨೦೧೦ರಿಂದ ಯುರೋಪಿನಲ್ಲಿ ಆ ಬಣ್ಣಗಳಿರುವ ತಿನಿಸುಗಳ ಮೇಲೆ ಎಚ್ಚರಿಕೆಯ ವಾಕ್ಯವನ್ನು ಅಚ್ಚಿಡಬೇಕಾಗಿದೆ. ನಮ್ಮಲ್ಲಿ ೧೦೨, ೧೧೦, ೧೨೨ ಎಂಬ ಸಂಖ್ಯೆಗಳು ಆ ಬಣ್ಣಗಳ ಪೈಕಿ ಮೂರನ್ನೂ ೨೧೧ ಎಂಬುದು ಆ ಸಂರಕ್ಷಕವನ್ನೂ ಸೂಚಿಸುತ್ತವೆ. ಸಂಖ್ಯೆಯಿದ್ದದ್ದೆಲ್ಲ ವಿಷವೆಂದು ಬೆದರುವದೂ ಅಜ್ಞಾನವೇ ಸರಿ. ೩೩೦ ಎಂಬುದು ನಿಂಬೆಯಲ್ಲಿರುವ ಹುಳಿಯೇ, ೩೦೦ ಎಂಬುದು ನೆಲ್ಲಿಕಾಯಿಯಲ್ಲಿರುವ ಸಿ ಜೀವಸತ್ವವೇ. ಅಂಗಡಿಯ ಪೊಟ್ಟಣಕ್ಕಾದರೂ ಹಿಂಬದಿಯಿದೆ, ಜಾತ್ರೆಯ ಶರಬತ್ತಿಗೆ ಅದೂ ಇಲ್ಲ. ಬಟ್ಟೆಗೆ ಹಾಕುವ ರೋಡಮಿನ್ ಎಂಬ ಬಣ್ಣವು ಬೊಂಬಾಯಿ ಮಿಠಾಯಿಯಲ್ಲಿ ಕಂಡುಬಂದು ೨೦೨೪ರ ಮಾರ್ಚಿನಲ್ಲಿ ಕರ್ನಾಟಕ ಸರಕಾರವು ಅದನ್ನು ನಿಷೇಧಿಸಿದ್ದನ್ನು ವಾಚಕರು ಮರೆತಿರಲಾರರು.

ಹಾಗಾದರೆ ಏನು ಕೊಡಬೇಕು? ಇದಕ್ಕೆ ವಯಸ್ಸಿನ ವಿಚಾರವು ಮೊದಲು. ಸುಶ್ರುತನು ಬಾಲ್ಯವನ್ನು ಮೂರಾಗಿ ವಿಂಗಡಿಸಿದ್ದಾನೆ: ವರ್ಷದವರೆಗೆ ಕ್ಷೀರಪ, ಎರಡು ವರ್ಷದವರೆಗೆ ಕ್ಷೀರಾನ್ನಾದ, ಆ ಮೇಲೆ ಅನ್ನಾದ, ಅಂದರೆ ಹಾಲು ಕುಡಿಯುವವನು, ಹಾಲು ಅನ್ನಗಳೆರಡನ್ನೂ ಉಣ್ಣುವವನು, ಅನ್ನವನ್ನೇ ಉಣ್ಣುವವನು. ಇಂದಿನ ವೈದ್ಯರ ಉಪದೇಶವು ಇದಕ್ಕೆ ತೀರ ಸಮೀಪವಾಗಿದೆ. ಆರು ತಿಂಗಳವರೆಗೆ ತಾಯಿಯ ಹಾಲೊಂದೇ, ನೀರೂ ಬೇಡ. ಆರು ತಿಂಗಳ ಮೇಲೆ ತಾಯಿಹಾಲಿನ ಜೊತೆಗೆ ಮೆತ್ತನೆಯ ಆಹಾರ, ಕಾಯಿಸಿ ಆರಿಸಿದ ಸ್ವಲ್ಪ ನೀರು. ವರ್ಷ ತುಂಬುವ ಮುಂಚೆ ಆಕಳ ಹಾಲನ್ನು ಮುಖ್ಯ ಪಾನೀಯವಾಗಿ ಕೊಡಲಾಗದು. ಅದರಲ್ಲಿ ಕಬ್ಬಿಣವು ಅತ್ಯಲ್ಪ. ಜೇನುತುಪ್ಪವನ್ನು ನೆಕ್ಕಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಅದರಲ್ಲಿ ಒಮ್ಮೊಮ್ಮೆ ಇರುವ ಒಂದು ಜಾತಿಯ ಜೀವಾಣುಬೀಜದಿಂದ ಕೂಸಿನ ಅಂಗಗಳ ಶಕ್ತಿ ಕುಂದುವ ಭಯವುಂಟಾದ್ದರಿಂದ ವರ್ಷದೊಳಗೆ ಅದು ಸರ್ವಥಾ ವರ್ಜ್ಯ. ಎರಡು ವರ್ಷದವರೆಗೆ ಸಕ್ಕರೆಯನ್ನೂ ಬೆಲ್ಲವನ್ನೂ ಬೆರೆಸದಿರುವದು ಉತ್ತಮ. ಬೆಲ್ಲವು ನಮ್ಮದೆಂಬ ಅಭಿಮಾನದಿಂದ ಹಲ್ಲಿನ ಹುಳುಕು ಮೋಸಹೋಗುವದಿಲ್ಲ.

ಅಣಶಿಯವರಿಗೆ ಹೊರಗಿನಿಂದ ತರುವ ಕಾರಣವಿಲ್ಲದ ಪಾನೀಯವೆಂದರೆ ಮುರುಗಲದ್ದು. ಕೊಂಕಣಿಯವರು ಭಿರಿಂಡವೆಂದೂ ದಕ್ಷಿಣ ಕನ್ನಡದವರು ಪುನರ್ಪುಳಿಯೆಂದೂ ಕರೆಯುವ ಈ ಮರಕ್ಕೆ ನಿಘಂಟುಕಾರರು ವೃಕ್ಷಾಮ್ಲವೆಂದು ಹೆಸರಿಟ್ಟಿದ್ದಾರೆ. ಘಟ್ಟದ ಕಾಡಿನಲ್ಲಿಯೂ ಮನೆಯ ಹಿತ್ತಲಿನಲ್ಲಿಯೂ ತಾನಾಗಿ ಬೆಳೆಯುವ ಮರವಿದು. ಹಣ್ಣು ಬೇಸಿಗೆಯ ಕೊನೆಗೆ, ಮಳೆ ಹೊಸ್ತಿಲಲ್ಲಿ ನಿಂತಾಗ, ಕೆಂಪೇರುತ್ತದೆ. ಸಿಪ್ಪೆಯ ಆ ನೇರಳೆಗೆಂಪು ಯಾವ ಕಾರಖಾನೆಯದೂ ಅಲ್ಲ. ಬಣ್ಣದ ಪಾನೀಯವೇ ಬೇಕೆಂದು ಹಟಮಾಡುವ ಕೂಸನ್ನು ಒಲಿಸಿಕೊಳ್ಳಲು ಇದಕ್ಕಿಂತ ಬೇರೆ ಉಪಾಯವಿಲ್ಲ. ಒಣಗಿಸಿದ ಎರಡು ಮೂರು ಸಿಪ್ಪೆಗಳನ್ನು ತೊಳೆದು, ಕಾಯಿಸಿ ಆರಿಸಿದ ಒಂದು ಲೋಟ ನೀರಿನಲ್ಲಿ ಅರ್ಧ ತಾಸು ನೆನೆಹಾಕಿ, ಕಿವುಚಿ ಸೋಸಿ, ಚಿಟಿಕೆ ಜೀರಿಗೆಯ ಪುಡಿಯನ್ನು ಬೆರೆಸಿದರೆ ಪಾನಕವು ಸಿದ್ಧ. ಮೂರು ವರ್ಷದ ಕೂಸಿಗೆ ಕಡಲೆಕಾಳಿನಷ್ಟು ಬೆಲ್ಲ ಸಾಕು. ತೆಂಗಿನ ಹಾಲನ್ನು ಕೂಡಿಸಿದರೆ ಅದೇ ಸೋಲಕಡಿಯಾಗಿ ಅನ್ನಕ್ಕೂ ಒದಗುವದು. ಹಸಿಮೆಣಸಿನಕಾಯಿಯನ್ನು ದೊಡ್ಡವರ ಪಾಲಿಗೆ ಪ್ರತ್ಯೇಕವಾಗಿ ಹಾಕಬೇಕು.

ಇಲ್ಲಿಯೂ ಒಂದು ಎಚ್ಚರವನ್ನು ಹೇಳದೆ ಬಿಡಲಾಗದು. ನಮ್ಮ ಮನೆಗಳಲ್ಲಿ ಹಸಿಸಿಪ್ಪೆಗೆ ಇಮ್ಮಡಿ ಸಕ್ಕರೆಯನ್ನು ಪದರಪದರವಾಗಿ ಸುರಿದು ಬಿಸಿಲಿಗಿಟ್ಟು ಇಳಿಸುವ ಮುರುಗಲ ಪಾಕವು ಸಂರಕ್ಷಕವಿಲ್ಲದೆ ವರ್ಷಗಟ್ಟಲೆ ಇರುತ್ತದೆಂದು ನಾವು ಹೆಮ್ಮೆಪಡುವದುಂಟು. ಅಲ್ಲಿ ಸಕ್ಕರೆಯೇ ಸಂರಕ್ಷಕ. ದಿನಾಲು ಅದನ್ನು ಧಾರಾಳವಾಗಿ ಕೊಟ್ಟರೆ ಪೊಟ್ಟಣದ ರಸಕ್ಕೂ ಇದಕ್ಕೂ ಕೂಸಿನ ಹಲ್ಲು ಭೇದವೆಣಿಸದು. ಮುರುಗಲು ಸ್ವಭಾವತಃ ಹುಳಿ. ಆದಕಾರಣ ಊಟದ ಜೊತೆಗೆ ಲೋಟದಲ್ಲಿ ಕೊಡಬೇಕಲ್ಲದೆ ಬಾಟಲಿಯಲ್ಲಿ ಚೀಪಿಸುತ್ತ ಕೂಡ್ರಿಸಬಾರದು.

ಎರಡನೆಯದು ರಾಗಿ. ಅಣಶಿಯ ಕುಣಬಿಯವರಿಗೆ ನಾಚಣಿಯ ಅಂಬಲಿಯನ್ನು ನಾನು ಕಲಿಸಹೋದರೆ ನಗುವರು. ಅವರ ಹಿರಿಯರು ಕುಮರಿಯ ಬೇಸಾಯದಲ್ಲಿ ಅದನ್ನು ಬೆಳೆದೇ ಬದುಕಿದವರು. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣಸತ್ವವುಂಟು. ಅಕ್ಕಿ ಗೋದಿಗಳು ಹತ್ತಿರಕ್ಕೂ ಬಾರವು. ರಾಗಿಯನ್ನು ಒಂದು ರಾತ್ರಿ ನೆನೆಯಿಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಹದವಾಗಿ ಹುರಿದು ಬೀಸಿದರೆ ಮಾಲ್ಟು ಎನ್ನಿಸುವದು ಇದೇ. ಮೊಳಕೆಯಲ್ಲಿ ಹುಟ್ಟುವ ಪಾಚಕವು ಹಿಟ್ಟಿನ ಅಂಶವನ್ನು ಒಡೆಯುವದರಿಂದ ಗಂಜಿಯು ಗಟ್ಟಿಯಾಗದೆ ತೆಳ್ಳಗಿರುತ್ತದೆ. ಆದ್ದರಿಂದ ಅದೇ ತೆಳುವಿನ ಗಂಜಿಯಲ್ಲಿ ಹೆಚ್ಚು ಧಾನ್ಯವನ್ನು ಹಿಡಿಸಬಹುದು, ತುಸುವೇ ಉಣ್ಣುವ ಕೂಸಿಗೂ ಹೆಚ್ಚು ಪುಷ್ಟಿ ಸಿಗುತ್ತದೆ. ಇದನ್ನು ಬೇಸಿಗೆಯಲ್ಲಿಯೇ ಮಾಡಿಟ್ಟುಕೊಳ್ಳಬೇಕು. ಅಣಶಿಯ ಮಳೆಯಲ್ಲಿ ಒಣಗಿಸಹೋದರೆ ಬೂಷ್ಟು ಹಿಡಿಯುವದೇ ಖಂಡಿತ, ಬೂಷ್ಟು ಹಿಡಿದದ್ದನ್ನು ತಿಪ್ಪೆಗೆ ಚೆಲ್ಲತಕ್ಕದ್ದು. ೨೦೧೩ರ ಆಗಸ್ಟ್ ಒಂದರಿಂದ ಕ್ಷೀರಭಾಗ್ಯದ ಹಾಲನ್ನು ಶಾಲೆಯ ಮಕ್ಕಳಿಗೆ ಕೊಡಲಾರಂಭಿಸಿದ ನಮ್ಮ ಸರಕಾರವು ೨೦೨೪ರ ಫೆಬ್ರುವರಿಯಲ್ಲಿ ಆ ಹಾಲಿಗೆ ವಾರಕ್ಕೆ ಮೂರು ದಿನ ರಾಗಿಯ ಮಾಲ್ಟನ್ನು ಸೇರಿಸುವ ಏರ್ಪಾಡು ಮಾಡಿತು. ಅಜ್ಜಿಯ ಒಲೆಯಿಂದ ಹೊರಬಿದ್ದದ್ದು ಸರಕಾರದ ಪಾತ್ರೆಯಲ್ಲಿ ತಿರುಗಿ ಬಂದಿತೆನ್ನಬೇಕು.

ಬೆಣ್ಣೆ ತೆಗೆದ ಮಜ್ಜಿಗೆ, ಒಂದೆಲಗದ ತಂಬುಳಿ, ಅಕ್ಕಿಯ ಪೇಜ, ಎಳನೀರು, ಇವುಗಳಿಗೆ ವಿವರಣೆ ಬೇಡ. ಚಹಕ್ಕೆ ಮಾತ್ರ ಬೇಕು. ಎರಡು ವರ್ಷದ ಕೂಸಿಗೆ ಬಶಿಯಲ್ಲಿ ಚಹ ಹೊಯ್ದು ಪಾವಿನ ತುಂಡನ್ನು ಅದ್ದಿಕೊಡುವದು ನಮ್ಮ ಜಿಲ್ಲೆಯಲ್ಲಿ ಪ್ರೀತಿಯ ಲಕ್ಷಣವಾಗಿದೆ. ಚಹದ ಒಗರು ಆಹಾರದ ಕಬ್ಬಿಣವು ದೇಹಗತವಾಗದಂತೆ ತಡೆಯುವದು. ಅದಕ್ಕೆ ಬದಲಾಗಿ ಕೊತ್ತಂಬರಿ ಜೀರಿಗೆಗಳ ಕಷಾಯವನ್ನು ಹಾಲು ಹಾಕಿ ಕೊಟ್ಟರೆ ಪ್ರೀತಿಗೆ ಕುಂದಿಲ್ಲ. ಇವೆಲ್ಲಕ್ಕೂ ಮೇಲಾದದ್ದು ನೀರು. ಕಾಡಿನ ಝರಿಯು ಎಷ್ಟೇ ತಿಳಿಯಾಗಿದ್ದರೂ ಕುದಿಸಿಯೇ ಕೊಡತಕ್ಕದ್ದು.

ಭೇದಿಯಾದಾಗ ಮೇಲಿನ ಯಾವುದೂ ಔಷಧವಲ್ಲ. ಆಗ ಬೇಕಾದದ್ದು ಓ.ಆರ್.ಎಸ್. ಪುಡಿ, ಒಂದು ಲೀಟರ್ ನೀರಿಗೆ ೧೩.೫ ಗ್ರಾಂ ಗ್ಲೂಕೋಸು, ೨.೬ ಗ್ರಾಂ ಉಪ್ಪು ಮುಂತಾಗಿ ತೂಕಹಿಡಿದು ಕಟ್ಟಿದ್ದು. ಇದೇ ಅಕ್ಷರಗಳನ್ನು ಹೆಸರಿನಲ್ಲಿ ಸೇರಿಸಿಕೊಂಡು ಇದಕ್ಕಿಂತ ಎಷ್ಟೋ ಪಟ್ಟು ಸಕ್ಕರೆಯುಳ್ಳ ಪಾನೀಯಗಳು ಔಷಧದ ಅಂಗಡಿಗಳಲ್ಲಿಯೇ ಮಾರಾಟವಾಗುತ್ತಿದ್ದವು. ಅತಿ ಸಕ್ಕರೆಯು ಕರುಳಿಗೆ ನೀರನ್ನು ಸೆಳೆದು ಭೇದಿಯನ್ನು ಹೆಚ್ಚಿಸುವದು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಅವರು ಎಂಟು ವರ್ಷ ಎಡೆಬಿಡದೆ ಹೋರಾಡಿದ ಮೇಲೆ ೨೦೨೫ರ ಅಕ್ಟೋಬರಿನಲ್ಲಿ ಪ್ರಾಧಿಕಾರವು ಆ ಹೆಸರಿನ ಬಳಕೆಯನ್ನು ನಿಷೇಧಿಸಿತು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂಬ ಬರೆಹವಿದೆಯೋ ಎಂದು ನೋಡಿಕೊಳ್ಳಿರಿ. ಆಶಾ ಕಾರ್ಯಕರ್ತೆಯರ ಬಳಿ ಅದು ಬಿಟ್ಟಿಯಾಗಿಯೂ ದೊರೆಯುತ್ತದೆ.

ಬಿಡಿಸುವ ಬಗೆಯನ್ನೂ ಅಜ್ಜಿಯವರು ಕೇಳಿದ್ದರು. ಒಮ್ಮೆಲೆ ಕಸಿದುಕೊಂಡರೆ ಅಳು, ಅಳುವಿಗೆ ಸೋತು ಮರಳಿ ಪೊಟ್ಟಣ. ಆದ್ದರಿಂದ ರಾತ್ರಿಯ ಬಾಟಲಿಯಿಂದಲೇ ಆರಂಭಿಸಬೇಕು: ಮೊದಲ ನಾಲ್ಕು ದಿನ ಮುಕ್ಕಾಲು ರಸ, ಕಾಲು ನೀರು, ಮುಂದಿನ ನಾಲ್ಕು ದಿನ ಸಮಸಮ, ಹೀಗೆ ಎರಡು ಮೂರು ವಾರಗಳಲ್ಲಿ ಬರಿಯ ನೀರಿಗೆ ಇಳಿಸಿ, ಆ ಮೇಲೆ ಬಾಟಲಿಯನ್ನೇ ಎತ್ತಿಟ್ಟು ಲೋಟವನ್ನು ಕೈಗೆ ಕೊಡಬೇಕು. ಹಗಲಿನ ಎರಡು ಪೊಟ್ಟಣಗಳನ್ನು ಮನೆಗೆ ತರುವದನ್ನು ನಿಲ್ಲಿಸುವ ಕೆಲಸವು ಕೂಸಿನದಲ್ಲ, ಸಂತೆಗೆ ಹೋಗುವ ಸೋದರಮಾವಂದಿರದು. ಈ ಸಾಲನ್ನು ಹಿರಿಯ ಮೊಮ್ಮಗನು ಅವರೆದುರಿಗೆ ಗಟ್ಟಿಯಾಗಿ ಓದಲಿ. ಬರುವ ಬೇಸಿಗೆಗೆ ಮುರುಗಲ ಸಿಪ್ಪೆಯನ್ನು ಕೂಸಿನ ಪಾಲಿಗೆಂದು ಉಪ್ಪು ಹಾಕದೆ ಬೇರೆಯಾಗಿ ಒಣಗಿಸಿ, ಬಿಸಿಲು ಸಾಲದಿದ್ದರೆ ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿಟ್ಟು, ಬಿಗಿಮುಚ್ಚಳದ ಭರಣಿಯಲ್ಲಿ ತುಂಬಬೇಕು. ಬೀಜವನ್ನು ಚೆಲ್ಲಬೇಡಿರಿ, ಕುದಿಸಿ ತೆಗೆದ ಮುರುಗಲ ತುಪ್ಪವು ಮಳೆಗಾಲದಲ್ಲಿ ಒಡೆದ ಹಿಮ್ಮಡಿಗಳಿಗೆ ಆಗುತ್ತದೆ.